ಏಳನೇ ನಂಬರಿನ ಕುಡಿ

ನನ್ನ ಕಣ್ಣು ಕಟ್ಟಿ ಕೈಗೊಂದು ಎಲೆ ಕೊಡಿ, ಯಾವ ಮರದ್ದು ಅಂತ ಹೇಳ್ತೇನೆ. ಇದು ಜಂಬ ಅಲ್ಲ. ಜಂಬ ಅಂತಲೇ ಅಂದ್ಕೊಳ್ಳಿ, ನಂಗೇನೂ ಬೇಜಾರಿಲ್ಲ. ಕಾನಸೂರಿನ ಸುತ್ತಮುತ್ತ ಯಾರ ಮನೇಲಿ ಮದುವೆ, ಉಪನಯನ ಆದ್ರೂ ಊಟ ಮುಗಿದು ಎಲೆಅಡಿಕೆ ಕವಳ ಹಾಕೋ ಹೊತ್ತಿಗೆ ನನ್ನ ಕರೀತಿದ್ರು. ಯಾರದ್ದೋ ಶಾಲಲ್ಲಿ ಕಣ್ಣು ಕಟ್ಟೋದು, ಹುಡುಗ್ರು ಹಿತ್ತಲಿಂದ ಸೊಪ್ಪು ಹರ್ಕೊಂಡು ಬರೋದು, ನಾನು ಎಲೆ ಮುರಿದು ಮೂಸಿ, ಬೇಕಾದ್ರೆ ಒಂಚೂರು ಹಲ್ಲಲ್ಲಿ ಕಡಿದು ಹೆಸರು ಹೇಳೋದು. ಒಂದ್ಸಲ ಮೋಸ ಮಾಡ್ಲಿಕ್ಕೆ ಪ್ಲಾಸ್ಟಿಕ್ ಹೂವಿನ ಎಲೆ ಕೊಟ್ಟಿದ್ರು. "ಇದು ಶಿರಸಿ ಪೇಟೆ ಫ್ಯಾನ್ಸಿ ಅಂಗಡೀಲಿ ಬೆಳೆಯೋ ಜಾತಿ, ನೀರು ಹಾಕೋದು ಬೇಡ, ಒರೆಸಿದ್ರೆ ಸಾಕು" ಅಂದೆ. ಮದುವೆ ಗಂಡಿಗಿಂತ ನನಗೇ ಹೆಚ್ಚು ಮರ್ಯಾದೆ ಆಯ್ತು ಆ ದಿನ.

ಕಲಿತದ್ದು ಕಾಲೇಜಲ್ಲಿ ಅಲ್ಲ, ಟಪ್ಪಾಲು ಹಂಚ್ತಾ ಹಂಚ್ತಾ. ಮೂವತ್ತು ವರ್ಷ ಅಂಚೆ ಚೀಲ ಹೆಗಲಿಗೆ ಹಾಕ್ಕೊಂಡು ಬೆಟ್ಟ, ಹಳ್ಳ ದಾಟಿ ಮನೆಮನೆಗೆ ನಡೆದವನು ನಾನು. ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯ ಮಾತಾಡ್ಲಿಕ್ಕೆ ಮರ ಬಿಟ್ರೆ ಇನ್ಯಾರಿದ್ರು? ಮೂವತ್ತು ವರ್ಷದಲ್ಲಿ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಕೊಟ್ಟವನಲ್ಲ. ಇದನ್ನ ನೆನಪಿಟ್ಕೊಳ್ಳಿ. ಮುಂದೆ ಬೇಕಾಗ್ತದೆ.

ಚೇಷ್ಟೆ ಮಾತ್ರ ಹುಟ್ಟಿನಿಂದ ಬಂದದ್ದು. ಶಿರಸಿಯಲ್ಲಿ ಬಾಡಿಗೆ ಜೀಪು ಓಡಿಸೋ ನನ್ನ ಸ್ನೇಹಿತ ಒಬ್ಬ ಇದ್ದ, ಪೇಟೆಯ ಮುಸ್ಲಿಮ್ ಮನೆಯವ. ನಾನು ಭಾಯಿ ಅನ್ನೋದು, ಅವ ನಂಗೆ ಯಜಮಾನ್ರೆ ಅನ್ನೋದು. ಪರಿಚಯ ಆದ ವಾರದಲ್ಲೇ ಅವನಿಗೆ ಒಣಗಿದ ಅಂಟುವಾಳ ಕಾಯಿ ಕೊಟ್ಟು, ಕಾಡು ಖರ್ಜೂರ, ಬಾಯಲ್ಲಿಟ್ಟು ನೀರು ಕುಡೀಬೇಕು, ಆವಾಗ ಸಿಹಿ ಬಿಡ್ತದೆ ಅಂದೆ. ಅಂಟುವಾಳ ಅಂದ್ರೆ ಬಟ್ಟೆ ತೊಳೆಯೋ ಕಾಯಿ. ಅವನ ಬಾಯಿಂದ ಬಂದ ನೊರೆ ಜೀಪಿನ ಬಾನೆಟ್ಟಿಗೂ ಸಾಕಾಗ್ತಿತ್ತು. ಅವ ನನ್ನ ಕ್ಷಮಿಸಿದ. ಮರೀಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ನಾನು ನಿವೃತ್ತಿ ಆಗಿದ್ದೆ, ಶಿವರಾತ್ರಿ ಕಳೆದಿತ್ತು. ಈ ಭಾಯಿ ಒಬ್ಳು ಹುಡುಗೀನ ಕರ್ಕೊಂಡು ಬಂದ. ಧಾರವಾಡದ ಕಡೆಯವಳು, ಗಿಡದ ಮೇಲೆ ಪಿಎಚ್‌ಡಿ ಮಾಡ್ತಿದ್ಳು. ಅದ್ರಲ್ಲೂ ನೇರಳೆ ಮೇಲೆ. ನಮ್ಮ ಕಡೆ ನೇರಳೆ ಅಂದ್ರೆ ಒಂದೇ ಅಲ್ಲ. ದೊಡ್ಡ ನೇರಳೆ, ಹೊಳೆ ನೇರಳೆ, ಬೆಟ್ಟದಲ್ಲಿ ಗಿಡ್ಡಕ್ಕೆ ಬೆಳೆಯೋ ಕುಂಟನೇರಳೆ, ಹೀಗೆ ಹತ್ತಾರು. ಒಂದರ ಎಲೆ ಇನ್ನೊಂದರ ಹಾಗೇ ಕಾಣ್ತದೆ. ಅವಳಿಗೆ ಮರ ತೋರಿಸ್ಲಿಕ್ಕೆ ಒಬ್ಬ ಜನ ಬೇಕಿತ್ತು. ಭಾಯಿ ನನ್ನ ಎದುರಿಗೇ ಅವಳಿಗೆ ಬುದ್ಧಿ ಹೇಳಿದ: ಮರ ಗೊತ್ತಿರೋದು ಇವ್ರಿಗೇ, ಆದ್ರೆ ಇವ್ರು ಕೈಗೆ ಕೊಟ್ಟದ್ದನ್ನ ಮಾತ್ರ ಬಾಯಿಗೆ ಹಾಕ್ಬೇಡಿ ಅಂತ.

ಹುಡುಗಿ ನಮ್ಮನೇಲೇ ಉಳಿದ್ಳು. ಮೊದಲ ದಿನ ಗುಡ್ನಾಪುರದ ಕೆರೆ ಏರಿಗೆ ಹೋಗಿ ಎಲೆ ತಂದ್ವಿ. ಸಂಜೆ ಅವಳು ಜಗಲಿ ಮೇಲೆ ಕೂತು ಒಂದೊಂದು ಎಲೆಯನ್ನೂ ನಂಬರು ಬರೆದ ಪೊಟ್ಟಣಕ್ಕೆ ಹಾಕಿ, ಅದರ ಜೊತೆ ಸಾಬಕ್ಕಿ ಹಾಗಿದ್ದ ನೀಲಿ ಮಣಿ ಸುರೀತಿದ್ಳು. ಹೊಸ ಚಪ್ಪಲಿ ಡಬ್ಬೀಲಿ ಪುಟ್ಟ ಪೊಟ್ಟಣ ಬರ್ತದಲ್ಲ, ಅದೇ ಮಣಿ. ನೀರು ಹೀರ್ಕೊಂಡು ಎಲೇನ ಬೇಗ ಒಣಗಿಸ್ತದಂತೆ. ಆಮೇಲೆ ಆ ಎಲೆ ಬೆಂಗಳೂರಿನ ಯಾವುದೋ ಲ್ಯಾಬಿಗೆ ಹೋಗ್ತದೆ, ಅಲ್ಲಿ ಮಷಿನ್ನು ಅದರ ಒಳಗಿನ ಬರಹ ಓದಿ ಇದು ಇಂಥದೇ ಜಾತಿ ಅಂತ ಹೇಳ್ತದೆ ಅಂದ್ಳು.

ಎಲೆಯ ಒಳಗೆ ಬರಹ. ನಂಗೆ ತಲೆ ಕೆಡ್ತು. ಅವಳು ಬಚ್ಚಲಿಂದ ಸೋಪಿನ ಕವರು ತಂದು ಅದರ ಮೇಲಿನ ಕಪ್ಪು ಗೆರೆ ತೋರಿಸಿದ್ಳು. ಅಂಗಡೀಲಿ ಇದನ್ನ ಮಷಿನ್ನಿಗೆ ಹಿಡಿದ್ರೆ ಯಾವ ಸೋಪು ಅಂತ ಬರೋದಿಲ್ವಾ, ಹಾಗೇ ಪ್ರತಿ ಗಿಡದ ಡಿಎನ್‌ಎಯಲ್ಲೂ ಒಂದೆರಡು ತುಂಡು ಇರ್ತದೆ, ಅದನ್ನ ಓದಿದ್ರೆ ಸಾಕು, ಹೂವು ಬೇಡ ಕಾಯಿ ಬೇಡ ಅಂದ್ಳು. ನಾನು ಒಂದು ನೇರಳೆ ಎಲೆ ಬಿಸಿಲಿಗೆ ಹಿಡಿದು ನೋಡೇ ನೋಡಿದೆ. ನರ ಕಾಣ್ತು. ಗೆರೆ ಎಲ್ಲಿ? ಕಣ್ಣಿಗೆ ಕಾಣೋದಲ್ಲ ಅಜ್ಜಾರ, ಅದು ಅಕ್ಷರ, ನಾಲ್ಕೇ ಅಕ್ಷರ ತಿರುಗಿ ಮುರುಗಿ ಬರೋದು ಅಂದ್ಳು. ನಮ್ಮ ಕನ್ನಡದಲ್ಲಿ ಐವತ್ತು ಅಕ್ಷರ ಇದ್ದೂ ಜನ ವಿಳಾಸ ನೆಟ್ಟಗೆ ಬರೀತಿರಲಿಲ್ಲ, ನಾಲ್ಕರಲ್ಲಿ ಇಡೀ ಕಾಡು ಬರೆದದ್ದು ಯಾರು ಅಂದೆ. ಅವಳು ನಕ್ಕಳು. ನಾನು ನಗಿಸ್ಲಿಕ್ಕೆ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಕಡೆಗೆ ನನ್ನಷ್ಟಕ್ಕೆ ನಾನು ಇದು ಗಿಡದ ಪಿನ್ ಕೋಡು ಅಂತ ತಿಳ್ಕೊಂಡೆ. ಅಷ್ಟು ಮಾತ್ರ ಅರ್ಥ ಆಯ್ತು. ಅದೂ ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಮೂರನೇ ದಿನ ಯಲ್ಲಾಪುರದ ಕಡೆ ಹೋದ್ವಿ. ಅಲ್ಲೊಂದು ಹಳ್ಳದ ಬದಿ ಅವಳು ಮೊದಲೇ ನೋಡಿಟ್ಟ ನೇರಳೆ ಮರ ಇತ್ತು. ಅದರ ಎಲೆ ಉಳಿದ ಹೊಳೆ ನೇರಳೆಗಿಂತ ಸಪೂರ. ಇದು ಬೇರೆಯೇ ಜಾತಿ ಅಂತ ಅವಳ ವಾದ. ಅವಳ ಗೈಡು, ಅಂದ್ರೆ ಪಿಎಚ್‌ಡಿ ಮಾಡಿಸೋ ಮೇಷ್ಟ್ರು, ನೀರಿನ ಬದಿ ಬೆಳೆದದ್ದಕ್ಕೆ ಹಾಗೆ ಕಾಣ್ತದೆ, ಜಾತಿ ಒಂದೇ ಅಂತಿದ್ರಂತೆ. ಅವಳ ಪುಸ್ತಕದ ಒಂದು ಇಡೀ ಅಧ್ಯಾಯ ಆ ಮರದ ಮೇಲೆ ನಿಂತಿತ್ತು. ಲ್ಯಾಬಿಗೆ ಎಳೆ ಎಲೆಯೇ ಬೇಕಂತೆ, ಬಲಿತದ್ದಾದ್ರೆ ಡಿಎನ್‌ಎ ಸರಿ ಸಿಗೋದಿಲ್ಲ. ಕೆಂಪು ಕೆಂಪು ಕುಡಿ ಒಂದು ಮುಷ್ಟಿ ಕೊಯ್ದು ಕವರಿಗೆ ಹಾಕಿ ಏಳು ಅಂತ ಬರೆದ್ಳು.

ಬರ್ತಾ ಭೈರುಂಬೆ ದಾಟೋ ಹೊತ್ತಿಗೆ ಅವಳ ಹೊಟ್ಟೆ ಕೆಟ್ಟಿತು. ತಿರುವಿಗೊಂದ್ಸಲ ಜೀಪು ನಿಲ್ಲಿಸಿ ನಿಲ್ಲಿಸಿ ಹೇಗೋ ಮನೆ ಮುಟ್ಟಿದ್ವಿ. ಮನೆ ಮುಂದಿನ ಬೆಟ್ಟದಲ್ಲಿ ಇನ್ನೆರಡು ಮರದ ಕುಡಿ ಎಂಟು, ಒಂಬತ್ತು ಅಂತ ಕವರಿಗೆ ಹಾಕಿ, ಮೂರೂ ಕವರು ಜಗಲಿ ಮೇಲಿಟ್ಟು ಒಳಗೆ ಹೋಗಿ ಮಲಗಿದ್ಳು. ಮಣಿ ಸುರೀಲಿಕ್ಕೂ ತ್ರಾಣ ಇರಲಿಲ್ಲ.

ನನ್ನ ಹೆಂಡ್ತಿ ಬಂದು ಕೂಸಿಗೆ ಎಂತ ಮಾಡೋದು ಅಂತ ಕೇಳಿದ್ಳು. ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ರೆ ಗುಳಿಗೆ ಹುಡುಕೋದಿಲ್ಲ, ಕುಡಿ ಹುಡುಕೋದು. ನೇರಳೆ ಕುಡಿ, ಕುಂಟನೇರಳೆ ಕುಡಿ, ನೆಲ್ಲಿ ಕುಡಿ, ಸಿಕ್ಕಿದ್ದನ್ನ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು, ಕಾಯಿ ಹಾಕಿ ಬೀಸಿ, ಮಜ್ಜಿಗೆ ಸೇರಿಸಿದ್ರೆ ತಂಬುಳಿ. ಎರಡು ಲೋಟ ಕುಡಿದ್ರೆ ಹೊಟ್ಟೆ ನಿಲ್ತದೆ. ಲ್ಯಾಬಿಗೂ ಎಳೆ ಕುಡಿಯೇ ಬೇಕು, ತಂಬುಳಿಗೂ ಎಳೆ ಕುಡಿಯೇ ಬೇಕು. ನಂಗೆ ನಾಲಿಗೆ ತುರಿಸ್ತು.

"ಕೂಸೇ ಕುಡಿ ತಗಂಬಂಜು. ಜಗಲೀಲಿ ಇದ್ದು ನೋಡು, ಬೀಸಿ ಕೊಡು" ಅಂದೆ.

ನಗ್ತಾಳೆ ಅಂದ್ಕೊಂಡಿದ್ದೆ. ನಾನು ಪೇಟೆಯಿಂದ ಬರೋ ಸಾಮಾನಿನ ಜೀಪಿಗೆ ಕಾಯ್ಲಿಕ್ಕೆ ರಸ್ತೆಗೆ ಹೋದೆ. ವಾಪಸ್ ಬರೋವಾಗ ಹುಡುಗಿ ಎದ್ದು ಕೂತು ಎರಡನೇ ಲೋಟ ತಂಬುಳಿ ಕುಡೀತಿದ್ಳು. ಏನ್ ಛಲೋ ಐತ್ರಿ ಅಮ್ಮಾರ ಅಂತ ಹೇಳಿ ಮತ್ತೆ ಮಲಗಿದ್ಳು. ನಾನು ಜಗಲಿ ನೋಡಿದೆ. ಎಂಟು, ಒಂಬತ್ತರಲ್ಲಿ ಅರ್ಧರ್ಧ ಕುಡಿ ಉಳಿದಿತ್ತು. ಏಳು ಖಾಲಿ. ಅದೇ ಎಲ್ಲಕ್ಕಿಂತ ಎಳೇದಿತ್ತು, ಅದ್ಕೇ ಪೂರ್ತಿ ಹಾಕಿದೆ ಅಂದ್ಳು ಹೆಂಡ್ತಿ. ಅವಳ ತಪ್ಪಿಲ್ಲ. ಒಳ್ಳೆ ತಂಬುಳಿ ಮಾಡೋಳು ಯಾರೇ ಆದ್ರೂ ಅದನ್ನೇ ಆರಿಸ್ತಿದ್ಳು.

ಧಾರವಾಡದಿಂದ ಬಂದ ಹುಡುಗಿ ತನ್ನ ಪಿಎಚ್‌ಡಿಯನ್ನ ಮಜ್ಜಿಗೆ ಹಾಕಿ ಕುಡಿದು ಮಲಗಿದ್ದಾಳೆ. ನಂಗೆ ನಗು ಬಂತು, ಬೆವರೂ ಬಂತು. ಯಲ್ಲಾಪುರ ಇಲ್ಲಿಂದ ಎಷ್ಟು ದೂರ, ಮತ್ತೆ ಹೋಗೋದು ಹೇಗೆ. ಎಬ್ಬಿಸಿ ಹೇಳ್ಬೇಕಿತ್ತು. ಹೇಳ್ಲಿಲ್ಲ. ಕಣ್ಣು ಕಟ್ಟಿ ಎಲೆ ಗುರುತಿಸೋ ಮನುಷ್ಯ ಅಲ್ವಾ ನಾನು? ನಮ್ಮ ಕೊಟ್ಟಿಗೆ ಹಿಂದೆ ಒಂದು ಕುಂಟನೇರಳೆ ಗಿಡ ಇತ್ತು, ನಲವತ್ತು ವರ್ಷದಿಂದ ತಂಬುಳಿಗೆ ಅದೇ. ಅದರ ಕುಡಿಯೂ ಕೆಂಪು, ಸಪೂರ. ಒಂದು ಮುಷ್ಟಿ ಕೊಯ್ದು, ಏಳನೇ ಕವರನ್ನ ಚೆನ್ನಾಗಿ ಕೊಡವಿ, ಅದಕ್ಕೆ ತುಂಬಿದೆ. ಹೆಂಡ್ತೀನ ದೇವರ ಕೋಣೆಯ ಮುಂದೆ ನಿಲ್ಲಿಸಿ, ಯಾರ ಹತ್ರವೂ ಬಾಯಿ ಬಿಡೋದಿಲ್ಲ ಅಂತ ಆಣೆ ಹಾಕಿಸಿದೆ. ಮೂವತ್ತು ವರ್ಷ ಟಪ್ಪಾಲು ಹಂಚಿದವನು ಒಬ್ಬರ ಲಕೋಟೆಗೆ ಇನ್ನೊಬ್ಬರ ಕಾಗದ ತುರುಕಿದ್ದು ಅದೇ ಮೊದಲು.

ಮಾರನೇ ದಿನ ಹುಡುಗಿ ಗುಣ ಆಗಿ, ಮಣಿ ಸುರಿದು, ಕವರುಗಳನ್ನ ತಗೊಂಡು ಹೋದ್ಳು.

ನಾಲ್ಕು ತಿಂಗಳ ಮೇಲೆ ಫೋನು ಬಂತು. ಸ್ವರದಲ್ಲೇ ಕುಣೀತಿದ್ಳು. ಏಳನೇ ನಂಬರು ಯಾವುದಕ್ಕೂ ಹೊಂದೋದಿಲ್ವಂತೆ. ಅವಳ ಉಳಿದ ನೇರಳೆಗಳಿಗೂ ಹೊಂದೋದಿಲ್ಲ, ಕಂಪ್ಯೂಟರಿನ ಪಟ್ಟೀಲಿರೋ ಯಾವ ಗಿಡಕ್ಕೂ ಸರಿಯಾಗಿ ಹೊಂದೋದಿಲ್ಲ. ನಾನ್ ಹೇಳಿದ್ದಿಲ್ಲೇನ್ರಿ ಅಜ್ಜಾರ, ಅದು ಬ್ಯಾರೇನ ಅಂತ ಅಂದ್ಳು.

ನಾನು ರಿಸೀವರ್ ಕೆಳಗಿಟ್ಟು ಅಲ್ಲೇ ಕೂತೆ. ಏಳರಲ್ಲಿದ್ದದ್ದು ನಮ್ಮ ಕುಂಟನೇರಳೆ. ಗುಡ್ನಾಪುರದಲ್ಲಿ ಕೊಯ್ದ ಮೂರನೇ ನಂಬರೂ ಕುಂಟನೇರಳೆ, ನಾನೇ ತೋರಿಸಿದ್ದು. ಎರಡೂ ಒಂದೇ ಅಂತ ಬರ್ಬೇಕಿತ್ತು. ಬೇರೆ ಹೇಗೆ ಬಂತು? ಕವರಿನ ಮೂಲೇಲಿ ಯಲ್ಲಾಪುರದ ಒಂದು ಎಲೆ ಉಳಿದಿರ್ಬೇಕು, ಲ್ಯಾಬಿನವರು ಅದನ್ನೇ ಎತ್ತಿರ್ಬೇಕು ಅಂತ ಸಮಾಧಾನ ಮಾಡ್ಕೊಂಡೆ. ಹಾಗಾದ್ರೆ ಹುಡುಗಿ ಹೇಳಿದ್ದೇ ಸರಿ ಆಯ್ತು, ನಾನೂ ಬಚಾವ್. ಊಟ ಆಗೋವರೆಗೆ ಈ ಸಮಾಧಾನ ಇತ್ತು. ಕೈ ತೊಳೆಯೋವಾಗ ನೆನಪಾಯ್ತು, ಕವರನ್ನ ನಾನೇ ತಲೆಕೆಳಗೆ ಮಾಡಿ ಕೊಡವಿದ್ದೆ. ಅಥವಾ ಕೊಡವಿದ್ದು ಎಂಟನೆಯದ್ದೋ? ಹೆಂಡ್ತಿ ಹತ್ರ ಕೇಳಿದ್ರೆ ಅವಳು ದೇವರ ಕೋಣೆ ಕಡೆ ಕೈ ತೋರಿಸಿ ಕೆಲಸಕ್ಕೆ ಹೋದ್ಳು. ನನ್ನ ಹತ್ರವೂ ಮಾತಾಡ್ಬಾರ್ದು ಅಂತ ಯಾರು ಹೇಳಿದ್ದು ಇವಳಿಗೆ?

ದಸರಾ ಕಳೆದ ಮೇಲೆ ಹುಡುಗಿ ಪೇಡೆ ಹಿಡ್ಕೊಂಡು ಬಂದ್ಳು. ನಾನು ಒಂದರ ಮೇಲೊಂದು ಮೂರು ತಿಂದೆ, ಬಾಯಿ ತುಂಬಿದ್ರೆ ಮಾತಾಡೋದು ತಪ್ಪುತ್ತದೆ ಅಂತ. ಮಾರನೇ ದಿನ ಅದೇ ಭಾಯಿಯ ಜೀಪಲ್ಲಿ ಯಲ್ಲಾಪುರಕ್ಕೆ ಹೊರಟ್ವಿ, ಆ ಮರದ ಎಲೆ ಇನ್ನೊಂದ್ಸಲ ತರ್ಲಿಕ್ಕೆ. ದಾರೀಲಿ ಅವಳು ವಿಷಯ ಬಿಡಿಸಿ ಹೇಳಿದ್ಳು. ಒಂದೇ ಸಲದ್ದನ್ನ ಯಾರೂ ಒಪ್ಪೋದಿಲ್ಲ, ಎರಡನೇ ಸಲವೂ ಅದೇ ಬಂದ್ರೆ ಅವಳ ಲೇಖನ ದೊಡ್ಡ ಪತ್ರಿಕೆಗೆ ಹೋಗ್ತದೆ, ಬೇಸಿಗೆ ಹೊತ್ತಿಗೆ ಪಿಎಚ್‌ಡಿ ಮುಗೀತದೆ. ಬರದಿದ್ರೆ ಆ ಅಧ್ಯಾಯ ಹೋಯ್ತು. ಅದಕ್ಕಿಂತ ಹೆಚ್ಚಾಗಿ, ಇವಳು ಲೇಬಲು ಅದಲು ಬದಲು ಮಾಡೋಳು ಅಂತ ಗೈಡಿಗೆ ಒಮ್ಮೆ ಅನಿಸಿದ್ರೆ ಅವಳ ಉಳಿದ ನಂಬರುಗಳನ್ನೂ ಯಾರೂ ನಂಬೋದಿಲ್ಲ. ನಾಲ್ಕು ವರ್ಷದ ಕೆಲಸ.

ಇದನ್ನ ಅವಳು ಖುಷಿಯಿಂದಲೇ ಹೇಳಿದ್ಳು, ಕಿಟಕಿಯಿಂದ ಹೊರಗೆ ನೋಡ್ತಾ. ಭೈರುಂಬೆ ಹತ್ರ ಬರೋವಷ್ಟರಲ್ಲಿ ಜೀಪು ನಿಲ್ಲಿಸ್ಲಿಕ್ಕೆ ಹೇಳಿ ಇಳಿದೆ. ಈ ಸಲ ನಾನು.

ಆ ಹಳ್ಳದ ಬದಿ, ಮರದ ಕೆಳಗೆ ನಿಂತು ಹೇಳಿಯೇ ಬಿಟ್ಟೆ. ತಂಗಿ, ಏಳನೇ ನಂಬರಲ್ಲಿ ಇದ್ದದ್ದು ಈ ಮರದ ಕುಡಿ ಅಲ್ಲ, ನಮ್ಮ ಕೊಟ್ಟಿಗೆ ಹಿಂದಿನ ಗಿಡದ್ದು. ಈ ಮರದ್ದನ್ನ ಅವತ್ತು ನೀನೇ ತಂಬುಳೀಲಿ ಕುಡಿದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿ ಜೋರಾಗಿ ನಕ್ಕಳು.

"ಅಜ್ಜಾರ, ಈ ಚ್ಯಾಷ್ಟಿ ಮಾತ್ರ ಭಾಳ ಛಲೋ ಐತಿ ನೋಡ್ರಿ."

ಚೇಷ್ಟೆ ಅಲ್ಲ, ದೇವರಾಣೆ ನಿಜ ಅಂದೆ. ಅಷ್ಟರಲ್ಲಿ ಭಾಯಿ ಜೀಪಿಂದ ಇಳಿದು ಬಂದ. "ಮೇಡಂ, ಇವ್ರು ದೇವರಾಣೆ ಹಾಕಿದ್ರೆ ಎರಡು ಹೆಜ್ಜೆ ಹಿಂದೆ ಹೋಗ್ಬೇಕು. ನಂಗೆ ಅಂಟುವಾಳ ತಿನ್ಸೋವಾಗ್ಲೂ ದೇವರಾಣೆ ಹಾಕಿದ್ರು" ಅಂದ. ಹಾಕಿದ್ದೆ, ಹೌದು. ನೊರೆ ಬಂದ ಆ ಬಾಯಿಂದ ಇಪ್ಪತ್ತು ವರ್ಷದ ಮೇಲೆ ಸೇಡು ಬಂತು. ಇಬ್ರೂ ಬಿದ್ದು ಬಿದ್ದು ನಕ್ಕರು. ನನ್ನ ಕಥೆ ಕೇಳಿ ಜನ ನಗ್ಲಿಲ್ಲ ಅಂತ ಬೇಜಾರು ಮಾಡ್ಕೊಂಡದ್ದುಂಟು, ನಕ್ಕದ್ದಕ್ಕೆ ಬೇಜಾರಾದದ್ದು ಆವತ್ತು ಒಂದೇ ದಿನ.

ಮನೆಗೆ ಬಂದವನೇ ಹೆಂಡ್ತೀನ ಸಾಕ್ಷಿಗೆ ಕರೆದೆ. ಅವತ್ತು ಏಳನೇ ಕವರಿನ ಕುಡಿಯನ್ನ ಎಂತ ಮಾಡಿದೆ, ಈ ತಂಗಿಗೆ ಹೇಳು ಅಂದೆ. ಅವಳು ಸೆರಗಲ್ಲಿ ಕೈ ಒರೆಸ್ಕೊಂಡು ಬಾಗಿಲಲ್ಲಿ ನಿಂತ್ಳು.

"ಆನು ಬಾಯಿ ಬಿಡ್ತ್ನಿಲ್ಲೆ. ದೇವ್ರ ಎದ್ರಿಗೆ ಹೇಳ್ಸಿದ್ದು ನಿಂಗವೇ."

ಆಣೆ ನಾನೇ ಬಿಡಿಸ್ತೆ ಅಂದ್ರೆ, ದೇವ್ರ ಮುಂದೆ ಹಾಕಿದ್ದನ್ನ ಬಿಡಿಸ್ಲಿಕ್ಕೆ ನೀವ್ಯಾರು ಅಂದ್ಳು. ಇದನ್ನ ನೋಡಿ ಹುಡುಗಿಗೆ ಇನ್ನೂ ಗಟ್ಟಿಯಾಯ್ತು, ಗಂಡ ಹೆಂಡ್ತಿ ಸೇರಿ ನಾಟಕ ಆಡ್ತಿದ್ದಾರೆ ಅಂತ.

ಇನ್ನೆಂತ ಮಾಡ್ಲಿ. ನನ್ನ ಮಾತು ನಂಬೋರು ಊರಲ್ಲಿ ಯಾರೂ ಇಲ್ಲ. ನಾನೇ ಮಾಡಿಟ್ಟದ್ದು ಅದು, ವರ್ಷಗಟ್ಲೆ ಕಷ್ಟಪಟ್ಟು. ಕೊಟ್ಟಿಗೆ ಹಿಂದೆ ಹೋಗಿ ಆ ಗಿಡದ ನಾಲ್ಕು ಕುಡಿ ಕೊಯ್ದು ತಂದು ಅವಳ ಕೈಗಿಟ್ಟೆ. ತಂಗಿ, ನನ್ನ ನಂಬಬೇಡ. ಇದಕ್ಕೂ ಒಂದು ನಂಬರು ಬರಿ, ಊರು ಬರೀಬೇಡ, ಮಷಿನ್ನಿಗೆ ಹಾಕು. ಅದಕ್ಕೆ ನನ್ನ ಪರಿಚಯ ಇಲ್ಲ ಅಂದೆ. ಹಿರಿಯರ ಮಾತು ತೆಗೆದು ಹಾಕ್ಬಾರ್ದು ಅಂತ ಅವಳು ನಗ್ತಾ ಕವರಿಗೆ ಹಾಕಿದ್ಳು. ಯಲ್ಲಾಪುರದ್ದು ಇಪ್ಪತ್ತೊಂದು, ನಮ್ಮದು ಇಪ್ಪತ್ತೆರಡು. ಲೇಖನ ಮಾತ್ರ ಇದರ ಉತ್ತರ ಬರೋವರೆಗೆ ಕಳಿಸ್ಬೇಡ ಅಂತ ಕೈ ಮುಗಿದೆ. ಆ ಕೈ ಮುಗಿದದ್ದನ್ನ ನೋಡಿ ಅವಳ ನಗು ಸ್ವಲ್ಪ ಕಡಿಮೆಯಾಯ್ತು ಅಂತ ನಂಗೆ ಕಂಡಿತು.

ದೀಪಾವಳಿ ಕಳೀತು. ಒಂದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಫೋನಿಲ್ಲ ಎಂತಿಲ್ಲ, ಹುಡುಗಿ ಕಾನಸೂರಲ್ಲಿ ಬಸ್ಸಿಳಿದು ನಡ್ಕೊಂಡೇ ಬಂದ್ಳು. ಅಂಗಳದಲ್ಲೇ ನಿಂತ್ಳು. ಬಾ ಕೂತ್ಕೊ ಅಂದ್ರೆ ಕೂರ್ಲಿಲ್ಲ. ಕೈಯಲ್ಲೊಂದು ಕಾಗದ ಇತ್ತು.

"ನೀವು ಖರೇ ಹೇಳಿದ್ರಿ ಅಜ್ಜಾರ" ಅಂದ್ಳು. ಇಷ್ಟು ಸಿಟ್ಟಲ್ಲಿ ಯಾರೂ ನಂಗೆ ಈ ಮಾತು ಹೇಳಿದ್ದಿಲ್ಲ.

ಇಪ್ಪತ್ತೆರಡು, ಹಳೇ ಏಳು, ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ಒಂದೇ. ಯಲ್ಲಾಪುರದ ಇಪ್ಪತ್ತೊಂದು ಬರೀ ಹೊಳೆ ನೇರಳೆ, ಅವಳ ಗೈಡು ಹೇಳಿದ ಹಾಗೇ. ಅವಳ ಅಧ್ಯಾಯ ಹೋಗಿತ್ತು. ಲೇಖನ ಕಳಿಸದೇ ಇದ್ದದ್ದಕ್ಕೆ ಮರ್ಯಾದೆ ಮಾತ್ರ ಉಳಿದಿತ್ತು.

ಆಮೇಲೆ ನೋಟ್‌ಬುಕ್ ತೆಗೆದು, ಅವತ್ತು ಆದದ್ದನ್ನ ಮೊದಲಿಂದ ಒಂದೂ ಬಿಡದೆ ಹೇಳ್ರಿ ಅಂದ್ಳು. ಹೇಳಿದೆ. ನಗಿಸ್ಲಿಕ್ಕೆ ಒಂದು ಮಾತೂ ಸೇರಿಸ್ಲಿಲ್ಲ, ಎಷ್ಟು ಕಷ್ಟ ಆಯ್ತು ಗೊತ್ತುಂಟಾ? ಹೆಂಡ್ತಿ ದೇವರಿಗೆ ಒಂದು ಕಾಯಿ ಒಡೆದು ಆಣೆಯಿಂದ ಬಿಡುಗಡೆ ಮಾಡ್ಕೊಂಡು ಬಂದು ಅವಳ ಪಾಲಿಂದು ಅವಳು ಹೇಳಿದ್ಳು. ಎಂಟು, ಒಂಬತ್ತಕ್ಕೆ ನಾನು ಕೈ ಹಾಕಿಲ್ಲ ಅಂದ್ರೂ ಹುಡುಗಿ ಕೇಳ್ಲಿಲ್ಲ. ನಾನು ಹತ್ರ ಇದ್ದಾಗ ಕೊಯ್ದ ಅಷ್ಟೂ ಮರದ ಎಲೆ ಮತ್ತೆ ಕೊಯ್ಬೇಕು ಅಂದ್ಳು. ಎರಡು ದಿನ ಅವಳ ಹಿಂದೆ ಸುತ್ತಿದೆ. ನಂಗೆ ಎಲೆ ಮುಟ್ಲಿಕ್ಕೆ ಅಪ್ಪಣೆ ಇಲ್ಲ. ಕೋಲಲ್ಲಿ ಮರ ತೋರಿಸೋದು, ನೀರಿನ ಬಾಟ್ಲಿ ಹೊರೋದು, ಇಷ್ಟೇ ಕೆಲಸ. ಎಲೆ ಪಂಡಿತನ ಗತಿ ನೋಡಿ.

ನನ್ನ ಗೊಂದಲ ಮಾತ್ರ ಹಾಗೇ ಇತ್ತು. ಏಳೂ ಇಪ್ಪತ್ತೆರಡೂ ನಮ್ಮ ಗಿಡ ಆದ್ರೆ, ಅದು ಗುಡ್ನಾಪುರದ ಕುಂಟನೇರಳೆಗೆ ಯಾಕೆ ಹೊಂದೋದಿಲ್ಲ? ಕಡೇ ದಿನ ಕೇಳಿದೆ.

ಯಾಕಂದ್ರ ಅದು ಕುಂಟನೇರಳೆ ಅಲ್ಲರಿ ಅಂದ್ಳು.

ನಲವತ್ತು ವರ್ಷದಿಂದ ನಾನು ದಿನಾ ನೋಡಿದ ಗಿಡ. ಕಣ್ಣು ಕಟ್ಟಿದ್ರೂ ಹೇಳ್ತೇನೆ ಅಂದ ಗಿಡ. ಹಾಗಾದ್ರೆ ಎಂತದು ಅದು?

"ಗೊತ್ತಿಲ್ರಿ. ಪಟ್ಟಿಯೊಳಗ ಇಲ್ಲ. ಇಲ್ಲ ಅಂದ್ರ ಹೊಸಾದು ಅಂತನೂ ಅಲ್ಲ, ಯಾರೂ ಇನ್ನೂ ಪಟ್ಟಿಗೆ ಹಚ್ಚಿಲ್ಲ ಅಷ್ಟ. ಹೂವು ನೋಡಬೇಕು. ಹೂವು ಹೆಂಗಿರ್ತೈತಿ ಅಜ್ಜಾರ?"

ಆ ಗಿಡದ ಹೂವು ನಾನು ನೋಡಿಯೇ ಇರಲಿಲ್ಲ. ಹೆಂಡ್ತಿ ಕಡೆ ನೋಡಿದೆ. ಅವಳೂ ನೋಡಿರಲಿಲ್ಲ. ನನ್ನ ಅಮ್ಮನೂ ನೋಡಿರ್ಲಿಕ್ಕಿಲ್ಲ. ಹೂವು ಬರೋದು ಕುಡಿಯ ತುದೀಲಿ. ಕುಡಿ ಕಂಡ ಕೂಡ್ಲೇ ನಮ್ಮನೇಲಿ ಯಾರಾದ್ರೂ ಚಿವುಟಿ ಬೀಸೋ ಕಲ್ಲಿಗೆ ಹಾಕಿ ಆಗ್ತಿತ್ತು. ಯಾರಿಗೆ ಹೊಟ್ಟೆ ಕೆಟ್ರೂ ಅದೇ, ಯಾರಿಗೂ ಕೆಡದಿದ್ರೆ ಊಟಕ್ಕೆ ಅದೇ. ನಲವತ್ತು ವರ್ಷದಲ್ಲಿ ಒಂದ್ಸಲವೂ ನಾವು ಅದಕ್ಕೆ ಹೂ ಬಿಡ್ಲಿಕ್ಕೆ ಬಿಟ್ಟಿರಲಿಲ್ಲ. ಹೂವಿಲ್ಲದ ಗಿಡಕ್ಕೆ ನಾನು ಎಲೆ ನೋಡಿ ಒಂದು ಹೆಸರಿಟ್ಟು ಊರೆಲ್ಲ ಜಂಬ ಕೊಚ್ಕೊಂಡು ತಿರುಗಿದ್ದೆ.

ಹುಡುಗಿ ಈ ಮಾತು ಕೇಳಿ ಮೊದಲ ಸಲ ಕೂತ್ಳು. ಕೂತು ಯೋಚನೆ ಮಾಡಿದ್ಳು. ಹೋದ ಅಧ್ಯಾಯದ ಜಾಗಕ್ಕೆ ಈ ಗಿಡವನ್ನೇ ಹಾಕ್ಬಹುದು, ಆದ್ರೆ ಅವಳ ಗೈಡು ಬರೀ ನಾಲ್ಕು ಅಕ್ಷರ ನೋಡಿ ಒಪ್ಪೋದಿಲ್ಲ, ಹೂವಿನ ಗೆಲ್ಲು ಬೇಕೇ ಬೇಕು. ಬೇಸಿಗೆ ಮುಗಿಯೋದ್ರೊಳಗೆ ಅವಳು ಎಲ್ಲ ಬರೆದು ಕೊಡ್ಬೇಕು. ಈ ಶಿವರಾತ್ರಿಗೆ ಗಿಡ ಹೂ ಬಿಡ್ಬೇಕು, ಇಲ್ಲಾಂದ್ರೆ ಇನ್ನೊಂದು ವರ್ಷ.

ಅವಳು ಬಸ್ಸು ಹತ್ತಿದ್ಮೇಲೆ ಹೆಂಡ್ತಿ ಕೊಟ್ಟಿಗೆ ಹಿಂದೆ ಹೋಗಿ ಗಿಡದ ಸುತ್ತ ಮುಳ್ಳು ಕಟ್ಟಿದ್ಳು. ಬೆಟ್ಟದಿಂದ ಹೊರೆ ಹೊರೆ ಮುಳ್ಳು ತಂದು ಕೊಟ್ಟದ್ದು ನಾನು. ಆ ನಾಲ್ಕು ತಿಂಗಳು ನಮ್ಮನೇಲಿ ಆ ಗಿಡದ ತಂಬುಳಿ ಇಲ್ಲ. ರೂಢಿ ಬಿಡೋದು ಸುಲಭ ಅಲ್ಲ, ಎರಡು ಸಲ ಅವಳೇ ಮರೆತು ಕೈ ಚಾಚಿ ಮುಳ್ಳು ತಾಗಿಸ್ಕೊಂಡ್ಳು. ಪಕ್ಕದ ಮನೆಯವರು ಹೊಟ್ಟೆನೋವು ಅಂತ ಕುಡಿ ಕೇಳ್ಲಿಕ್ಕೆ ಬಂದ್ರೆ, ಅದಕ್ಕೆ ಹಾವು ಸುತ್ಕೊಂಡಿದೆ ಅಂತ ನಾನು ಸುಳ್ಳು ಹೇಳಿ ಕಳಿಸ್ತಿದ್ದೆ. ಹುಡುಗಿ ಹದಿನೈದು ದಿನಕ್ಕೊಂದ್ಸಲ ಫೋನು ಮಾಡೋಳು. ಬಂತೇನ್ರಿ? ಇಲ್ಲ ತಂಗಿ. ಸಂಕ್ರಾಂತಿ ಹೊತ್ತಿಗೆ ಕುಡಿ ಕೆಂಪಾಯ್ತು. ಆಮೇಲೆ ಹಸಿರಾಯ್ತು. ಹಸಿರಾದ ಎಲೆಯನ್ನ ಆ ಗಿಡದಲ್ಲಿ ಅಷ್ಟೊಂದು ನಾನು ನೋಡಿಯೇ ಇರಲಿಲ್ಲ, ಬೇರೆ ಯಾರದ್ದೋ ಹಿತ್ತಲಿಗೆ ಬಂದ ಹಾಗಾಗ್ತಿತ್ತು. ಶಿವರಾತ್ರಿ ಬಂತು, ಹೋಯ್ತು. ಹೂವಿಲ್ಲ. ಫೋನು ಬಂದ್ರೆ ಎತ್ಲಿಕ್ಕೆ ಹೆದರಿಕೆ ಆಗ್ತಿತ್ತು.

ಯುಗಾದಿಯ ಹಿಂದಿನ ವಾರ ಹೆಂಡ್ತಿ ಕೊಟ್ಟಿಗೆ ಹಿಂದಿನಿಂದ ಕೂಗಿದ್ಳು. ಹೋಗಿ ನೋಡಿದ್ರೆ ತುದೀಲಿ ಸಾಸಿವೆಗಿಂತ ದಪ್ಪ, ಕಾಳುಮೆಣಸಿಗಿಂತ ಸಣ್ಣ ಮೊಗ್ಗು, ಗೊಂಚಲು ಗೊಂಚಲು. ಐದು ದಿನಕ್ಕೆ ಒಡೆದವು. ಬಿಳಿ ಕೂದಲು ಕೆದರಿದ ಹಾಗಿದ್ದ ಪುಟ್ಟ ಪುಟ್ಟ ಹೂವು, ಮೇಲೆ ಜೇನು. ನಾನು ದೂರ ನಿಂತೆ. ಹೆಂಡ್ತಿಯೇ ಮುಳ್ಳು ಸರಿಸಿ ನಾಲ್ಕು ಗೆಲ್ಲು ಕೊಯ್ದು, ಹುಡುಗಿ ಹೇಳಿಕೊಟ್ಟ ಹಾಗೆ ಪೇಪರಿನ ಮಧ್ಯ ಹರಡಿ ಕಟ್ಟಿದ್ಳು. ಭಾಯಿ ಜೀಪಲ್ಲಿ ತಗೊಂಡು ಹೋಗಿ ಶಿರಸಿ ಬಸ್ ಸ್ಟ್ಯಾಂಡಲ್ಲಿ ಧಾರವಾಡದ ಬಸ್ಸಿಗೆ ಹಾಕಿ ಬಂದ. ಒಳಗೆ ನಿಜವಾಗ್ಲೂ ಹೂವೇ ಇದ್ಯಾ ಅಂತ ಕಟ್ಟು ಬಿಚ್ಚಿ ನೋಡಿ, ಮತ್ತೆ ಕಟ್ಟಿ ಹಾಕಿದನಂತೆ, ಕಳ್ಳ.

ಮಾರನೇ ದಿನ ಫೋನು. ಮುಟ್ಟಿತು ಅಂದ್ಳು.

"ಅಜ್ಜಾರ, ಇದು ಅದ ಗಿಡದ್ದ ಹೌದಲ್ಲ?"

ಹೌದು ತಂಗಿ ಅಂದೆ.

"ಖರೇ?"

ಖರೇ ಅಂದೆ. ಆಮೇಲೆ, ಅಮ್ಮಾರಿಗೆ ಫೋನ್ ಕೊಡ್ರಿ ಅಂದ್ಳು. ಕೊಟ್ಟೆ. ಹೆಂಡ್ತಿ ರಿಸೀವರನ್ನ ಎರಡೂ ಕೈಯಲ್ಲಿ ಹಿಡ್ಕೊಂಡು, "ಹೌದು ತಂಗಿ, ಆನೇ ಕೊಯ್ದಿದ್ದು. ಇವ್ರು ಮುಟ್ಟಿದ್ವಿಲ್ಲೆ" ಅಂದ್ಳು.

ಅಷ್ಟು ಸಾಕಾಯ್ತು. ಆ ಬೇಸಿಗೇಲಿ ಅವಳ ಪಿಎಚ್‌ಡಿ ಮುಗೀತು. ಪುಸ್ತಕದ ಒಂದು ಪ್ರತಿ ಕಳಿಸಿದ್ದಾಳೆ. ಇಂಗ್ಲಿಷಲ್ಲಿದೆ, ನಂಗೆ ಓದ್ಲಿಕ್ಕೆ ಬರೋದಿಲ್ಲ. ಆದ್ರೆ ಒಂದು ಪುಟಕ್ಕೆ ಕಾಗದ ಸಿಕ್ಕಿಸಿ ಕಳಿಸಿದ್ಳು. ಏಳನೇ ನಂಬರನ್ನ ಸ್ಥಳೀಯ ಮಾಹಿತಿದಾರರೊಬ್ಬರು ಬದಲಿಸಿದ್ದರು ಅಂತ ಅಲ್ಲಿ ಬರೆದದ್ದಂತೆ. ಬಂದವರಿಗೆಲ್ಲ ಆ ಪುಟ ತೋರಿಸ್ತೇನೆ, ನೋಡಿ, ಇದು ನಾನು ಅಂತ. ಗಿಡದ ಹೆಸರು ಇನ್ನೂ ತೀರ್ಮಾನ ಆಗಿಲ್ಲ. ಹೂವು ನೋಡಿದ ಮೂವರು ಪಂಡಿತರು ಮೂರು ಹೆಸರು ಹೇಳಿದ್ರಂತೆ. ಅವಳು ಪುಸ್ತಕದಲ್ಲಿ ನಂಬರೇ ಬರೆದಿದ್ದಾಳೆ.

ಈಗ ಗಿಡದ ಅರ್ಧಕ್ಕೆ ಕೆಂಪು ನೂಲು ಕಟ್ಟಿದೆ. ಆ ಕಡೆ ಹೂವಿಗೆ, ಈ ಕಡೆ ತಂಬುಳಿಗೆ. ಹೋದ ವರ್ಷ ಅವಳು ಗಂಡನ್ನ ಕರ್ಕೊಂಡು ಬಂದಿದ್ಳು. ಊಟಕ್ಕೆ ಕೂತಾಗ ಅವ ಎರಡನೇ ಸಲ ಬಡಿಸ್ಕೊಂಡು, ಇದು ಯಾವ ಸೊಪ್ಪಿನ ತಂಬುಳಿ ಅಂತ ನನ್ನ ಕೇಳಿದ. ಗೊತ್ತಿಲ್ಲ ಅಂದೆ. ಅವ ಊಟ ನಿಲ್ಲಿಸಿ ತನ್ನ ಹೆಂಡ್ತಿ ಮುಖ ನೋಡಿದ. ಅವಳು ನನ್ನ ಮುಖ ನೋಡಿದ್ಳು. ಆಮೇಲೆ ಇಬ್ರೂ ಸೇರಿ ಅಡುಗೆಮನೆ ಬಾಗಿಲಲ್ಲಿದ್ದ ನನ್ನ ಹೆಂಡ್ತಿ ಕಡೆ ನೋಡಿದ್ರು.